ಟಿಸಿ ತೆಗೆಸಬೇಡಿ ಅಂತ ಹೇಳಕ್ಕ

ಅಕ್ಕ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಕ್ಲಾಸಿನಲ್ಲಿದ್ದೆ, ಮಾತಾಡಲು ಆಗಲಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಎಲ್ಲರೂ ಕೇಳಿಸಿಕೊಳ್ಳಿ. ನಿಮ್ಮ ಓಣಿಯ ಆ ಹುಡುಗಿಗೆ ಹದಿನಾರು, ಬೇಸಿಗೆಯಲ್ಲಿ ಗುಟ್ಟಾಗಿ ಮದುವೆ ಮಾಡಿದ್ದಾರೆ, ಈಗ ಐದು ತಿಂಗಳು, ಓದುತ್ತಿರುವುದು ಹತ್ತನೇ ಕ್ಲಾಸು. ಹೊಟ್ಟೆ ಕಾಣುವ ಮೊದಲೇ ಟಿಸಿ ತೆಗೆಸಲು ಮನೆಯವರು ಹೊರಟಿದ್ದಾರೆ ಅಂದೆ. ಅದಕ್ಕೆ ಮಾವ, "ಬಿಡಿ, ಇನ್ನು ಅವಳ ತಲೆಗೆ ಓದು ಹತ್ತಲ್ಲ" ಅಂದಿದ್ದಾರೆ.

ಮಾವ, ನೀವು ದೊಡ್ಡವರು. ಆದರೂ ಈ ಮಾತನ್ನು ನಾನು ಒಪ್ಪುವುದಿಲ್ಲ. ಹತ್ತೊಂಬತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ ಹೀಗೇ ಒಬ್ಬಳಿದ್ದಳು. ಒಂಬತ್ತರಲ್ಲಿ ಕ್ಲಾಸಿಗೆ ಮೂರನೆಯವಳು. ಹತ್ತಕ್ಕೆ ಬಂದ ಮೇಲೆ ಮುಂದಿನ ಬೆಂಚು ಬಿಟ್ಟು ಬಾಗಿಲ ಪಕ್ಕದ ಕೊನೆಯ ಬೆಂಚಿಗೆ ಹೋಗಿ ಕೂತಳು. ವಾಂತಿ ಬಂದರೆ ಓಡಲು ಹತ್ತಿರ ಅಂತ. ನನಗೆ ಆಗ ಹೊಳೆಯಲಿಲ್ಲ. ಬಿಸಿಯೂಟದ ಸಾಂಬಾರಿನ ವಾಸನೆ ಬಂದರೆ ದುಪಟ್ಟಾ ಮೂಗಿಗೆ ಒತ್ತಿಕೊಳ್ಳುತ್ತಿದ್ದಳು. ಶೌಚಾಲಯಕ್ಕೆ ಚಿಲಕ ಇರಲಿಲ್ಲ, ಅದಕ್ಕೇ ಬೆಳಿಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯುತ್ತಿರಲಿಲ್ಲ. ರಕ್ತ ಕಡಿಮೆ, ಮಧ್ಯಾಹ್ನ ಮೂರನೇ ಪೀರಿಯಡ್ಡಿಗೆ ಕಣ್ಣು ಮುಚ್ಚಿಹೋಗುತ್ತಿತ್ತು.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ 80ಕ್ಕೆ 31 ತೆಗೆದಳು. ಸ್ಟಾಫ್ ರೂಮಿನಲ್ಲೂ ಮಾವ ಅಂದ ಮಾತನ್ನೇ ಅಂದರು. ನನಗೆ ಯಾಕೋ ಮನಸ್ಸು ತಡೆಯಲಿಲ್ಲ. ಅವಳ ಉತ್ತರ ಪತ್ರಿಕೆ, ಹಾಜರಿ ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಸಮಾಂತರ ಶ್ರೇಢಿ ಪೂರ್ತಿ ಸರಿ. ತ್ರಿಕೋನಮಿತಿ ಸರಿ. ವರ್ಗ ಸಮೀಕರಣ ಖಾಲಿ. ಆ ಪಾಠ ಮಾಡಿದ ವಾರ ಅವಳು ಐದು ದಿನ ಗೈರು. ವೃತ್ತಗಳು ಖಾಲಿ, ಆಗಲೂ ಗೈರು. ಬಂದ ದಿನ ಹೇಳಿಕೊಟ್ಟದ್ದನ್ನೆಲ್ಲ ಬರೆದಿದ್ದಾಳೆ ಮಾವ. ತಲೆಯಲ್ಲಿ ಏನೂ ಕೊರತೆ ಇರಲಿಲ್ಲ. ತಪ್ಪಿದ ಪಾಠವನ್ನು ಕೂರಿಸಿಕೊಂಡು ಹೇಳುವವರು ಇರಲಿಲ್ಲ. ಹಾಗೆ ಹೇಳಿಕೊಡದೆ ಬಿಟ್ಟವರಲ್ಲಿ ನಾನೂ ಒಬ್ಬಳು. ನಾನು ನೋಡುವಷ್ಟರಲ್ಲಿ ತಡವಾಗಿತ್ತು. ಮಾರ್ಚ್‌ನಲ್ಲಿ ಅವಳು ಪರೀಕ್ಷೆಗೇ ಬರಲಿಲ್ಲ.

ಹೋದ ವರ್ಷ ಸಂತೆಯಲ್ಲಿ ಸಿಕ್ಕಿದಳು. ಕಂಕುಳಲ್ಲಿ ಮಗು. "ಟೀಚರ್, ವೃತ್ತದ ಪಾಠ ನೀವು ಹೇಳ್ತೀನಿ ಅಂದಿದ್ರಿ" ಅಂದಳು. ನನಗೆ ಮಾತು ಹೊರಡಲಿಲ್ಲ.

ಇದು ಎಲ್ಲೋ ಒಬ್ಬಿಬ್ಬರ ಕಥೆ ಅಂದುಕೊಳ್ಳಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ 20ರಿಂದ 24 ವರ್ಷದ ನೂರು ಹೆಣ್ಣುಮಕ್ಕಳಲ್ಲಿ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಶಿಕ್ಷಣ ಹಕ್ಕು ಕಾಯ್ದೆ ಕಾಯುವುದು 14 ವರ್ಷದವರೆಗೆ ಮಾತ್ರ. ಹೈಸ್ಕೂಲು ಬಿಡಿಸಿದರೆ ಕೇಳುವವರಿಲ್ಲ, ಅಲ್ವಾ?

ಅದಕ್ಕೇ ಅಕ್ಕ, ಮೊದಲು ಟಿಸಿ ನಿಲ್ಲಿಸು. ಹೆಸರು ರಿಜಿಸ್ಟರಿನಲ್ಲಿ ಇದ್ದರೆ ಎಸ್ಸೆಸ್ಸೆಲ್ಸಿ ಫಾರಂ ತುಂಬಬಹುದು. 75 ಪರ್ಸೆಂಟ್ ಹಾಜರಿ ಬೇಕು, ಅದನ್ನು ಅವರ ಹೆಡ್‌ಮಾಸ್ಟರ್ ಹತ್ತಿರ ಈಗಲೇ ಮಾತಾಡಬೇಕು. ಹೆರಿಗೆ ಮಾರ್ಚ್ ಹೊತ್ತಿಗೇ ಬರುತ್ತದೆ, ನನಗೂ ಅದೇ ಚಿಂತೆ. ಆದರೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಮೊದಲನೆಯದರಲ್ಲಿ ಎಷ್ಟು ವಿಷಯ ಆಗುತ್ತದೋ ಅಷ್ಟು ಬರೆಯಲಿ, ಉಳಿದದ್ದನ್ನು ಬಾಣಂತನ ಮುಗಿಸಿ ಬರೆಯಲಿ. ಯಾವುದೂ ಆಗದಿದ್ದರೆ ಮುಂದಿನ ವರ್ಷ ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸೋಣ.

ಇನ್ನೊಂದು, ಇದನ್ನು ವೈನಿ ಕೇಳಿಸಿಕೊಳ್ಳಲಿ. ಕೇಸ್ ಆಗುತ್ತದೆ ಅಂತ ಹೆದರಿ ಆ ಹುಡುಗಿಯನ್ನು ಆಸ್ಪತ್ರೆಗೆ ತೋರಿಸದೆ ಇಟ್ಟಿದ್ದಾರೆ ಅಂದಿರಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಪ್ರಕಾರ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು, ಅದು ನಿಜ. ಆದರೆ ಕಾನೂನಿನ ಕಣ್ಣಲ್ಲಿ ಆ ಹುಡುಗಿ ತಪ್ಪಿತಸ್ಥೆ ಅಲ್ಲ. ಈ ವಯಸ್ಸಿನ ಬಸಿರಿಗೆ ಬಿಪಿ ಏರಿ ಫಿಟ್ಸ್ ಬರುವ ಅಪಾಯ ಜಾಸ್ತಿ. ಮನೆಯವರ ಮರ್ಯಾದೆಗೆ ಅವಳ ಜೀವ ಒತ್ತೆ ಇಡಬೇಡಿ. ಇಂದೇ ಆಶಾ ಕಾರ್ಯಕರ್ತೆಗೆ ಹೇಳಿ, ನಾಳೆ ತೋರಿಸಿ.

ಮತ್ತೆ, ಇಷ್ಟು ಜನ ಮಾತಾಡುತ್ತಿದ್ದೇವೆ, ಅವಳನ್ನು ಯಾರಾದರೂ ಕೇಳಿದ್ದೀರಾ? ಗಂಡನ ಮನೆಗೆ ಹೋಗಲು ಅವಳಿಗೆ ಇಷ್ಟ ಇದೆಯಾ? ನಮ್ಮ ರಾಜ್ಯದ ಕಾನೂನಿನಲ್ಲಿ ಬಾಲ್ಯವಿವಾಹ ಮದುವೆಯೇ ಅಲ್ಲ, ಮೊದಲಿನಿಂದಲೇ ಅಸಿಂಧು. ಹೆದರಿಕೆ ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು ಅಂತ ಅವಳೊಬ್ಬಳೇ ಇರುವಾಗ ಹೇಳು, ಅವಳ ಅತ್ತೆಯ ಮುಂದೆ ಬೇಡ.

ಭಾನುವಾರ ಬೆಳಗಿನ ಬಸ್ಸಿಗೆ ನಾನು ಊರಿಗೆ ಬರುತ್ತೇನೆ. ಮಾದರಿ ಪ್ರಶ್ನೆಪತ್ರಿಕೆ ತರುತ್ತೇನೆ. ಅವಳ ಗಣಿತದ ನೋಟ್‌ಬುಕ್ ಇಸಿದುಕೊಂಡು ಇಟ್ಟಿರು ಅಕ್ಕ, ಯಾವ ಯಾವ ಪಾಠ ತಪ್ಪಿದೆ ಅಂತ ನೋಡಬೇಕು.