ಪದಚರ್ಚೆ: ಬೆಟ್ಟದ ಕಾಡು ಜಾತಿಯ ಕುರಿಗೆ 'ಕಾಡುಕುರಿ' ಅನ್ನಬಹುದೇ?

ಧಾರವಾಡದಿಂದ:
ಎಲ್ಲರಿಗೂ ನಮಸ್ಕಾರ. ಅಮೆರಿಕದ ರಾಕಿ ಪರ್ವತಗಳ ಬಿಗ್‌ಹಾರ್ನ್ ಕುರಿಯ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೇನೆ. ನಾಳೆ ಬೆಳಗ್ಗೆ ಪುಟ ಅಚ್ಚಿಗೆ ಹೋಗಬೇಕು. ಅಲ್ಲಿ ಇದು 'ಗೇಮ್' ಪ್ರಾಣಿ. ಲಾಟರಿ ಎತ್ತಿ ಪರವಾನಗಿ ಕೊಡುತ್ತಾರೆ, ಸಿಕ್ಕವರು ಬೇಟೆಯಾಡಬಹುದು. ಸದ್ಯಕ್ಕೆ 'ಕಾಡುಕುರಿ', 'ಬೇಟೆಯ ಪ್ರಾಣಿ' ಎಂದು ಹಾಕಿದ್ದೇನೆ. ಸ್ನೇಹಿತರೊಬ್ಬರು 'ಪರ್ವತಮೇಷ' ಅಂದರು. ಯಾವುದು ಸರಿ?

ರಾಣೆಬೆನ್ನೂರಿನಿಂದ:
'ಕಾಡುಕುರಿ' ಖಂಡಿತ ಬೇಡ ಸರ್. ಅದು ನಾಯಿಯ ಹಾಗೆ ಬೊಗಳುವ ಸಣ್ಣ ಜಿಂಕೆಯ ಹೆಸರು. ದಾಂಡೇಲಿ ಕಡೆಯವರನ್ನು ಕೇಳಿ ನೋಡಿ. 'ಕೊಂಡುಕುರಿ'ಗೂ ಕೈ ಹಾಕಬೇಡಿ. ಅದು ನಾಲ್ಕು ಕೊಂಬಿನ ಹುಲ್ಲೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಅದರ ವನ್ಯಧಾಮವೇ ಇದೆ. ಎರಡೂ ಹೆಸರಿಗಷ್ಟೇ ಕುರಿ.

ಇನ್ನು 'ಪರ್ವತಮೇಷ'. ಕುರಿ ಕಾಯುವವನಿಗೇ ತಿಳಿಯದ ಕುರಿಯ ಹೆಸರು ನಮಗೆ ಯಾಕೆ?

ನನ್ನ ಸಲಹೆ 'ಕೋಡುಗುರಿ'. ಕೋಡು ಅಂದರೆ ಕೊಂಬೂ ಹೌದು, ಬೆಟ್ಟದ ತುದಿಯೂ ಹೌದು. ಕೋಡುಗಲ್ಲು ಅನ್ನುತ್ತೇವಲ್ಲ, ಅದೇ ಕೋಡು. ಈ ಪ್ರಾಣಿ ಇರುವುದು ಬಂಡೆಗಳ ನೆತ್ತಿಯ ಮೇಲೆ. ದೊಡ್ಡ ಗಂಡಿನ ಕೊಂಬುಗಳೇ 14 ಕಿಲೋವರೆಗೆ ತೂಗುತ್ತವೆ. ಒಂದೇ ಪದದಲ್ಲಿ ಎರಡೂ ಬಂದವು. ಗಂಡಿಗೆ ಸುಮ್ನೆ 'ಟಗರು' ಅನ್ನಿ. ನಮ್ಮ ಟಗರಿನ ಕಾಳಗದ ಹಾಗೇ ಅವೂ ಓಡಿ ಬಂದು ಡಿಕ್ಕಿ ಹೊಡೆಯುತ್ತವೆ.

ಹುಬ್ಬಳ್ಳಿಯಿಂದ:
ಯಾರೂ ಆಡದ ಪದ. ಕಾಂಗರೂ, ಜಿರಾಫೆ ಹಾಗೇ ಬಂದವು, ಕನ್ನಡಕ್ಕೇನೂ ಆಗಲಿಲ್ಲ. 'ಬಿಗ್‌ಹಾರ್ನ್ ಕುರಿ' ಎಂದೇ ಬರೆಯಿರಿ. ನನಗೆ ಜಾಸ್ತಿ ಚಿಂತೆ 'ಬೇಟೆಯ ಪ್ರಾಣಿ'ಯದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮ ಓದುಗರಿಗೆ ಬೇಟೆ ಅಂದರೆ ಕಳ್ಳಬೇಟೆ. 'ಪರವಾನಗಿ ಬೇಟೆಯ ಪ್ರಾಣಿ' ಅಂದರೆ ಗೊಂದಲ ಇರುವುದಿಲ್ಲ. ಅಂದಹಾಗೆ ಪರವಾನಗಿ ಪಾರಸಿಯಿಂದ ಬಂದದ್ದು. ಅದನ್ನೂ ತೆಗೆಯಬೇಕೇ?

ರಾಣೆಬೆನ್ನೂರಿನಿಂದ:
ಪರವಾನಗಿ ಇರಲಿ, ಅದು ಮನೆಯದೇ ಆಗಿದೆ. ಕಾಂಗರೂ ನಮ್ಮಲ್ಲಿರಲಿಲ್ಲ, ಹೆಸರೂ ಇರಲಿಲ್ಲ. ಕುರಿಯ ಮಾತು ಹಾಗಲ್ಲ. ಮರಿ, ಟಗರು, ಕಂಬಳಿ, ಹಟ್ಟಿ ಎಲ್ಲಾ ಇಟ್ಟುಕೊಂಡವರು ನಾವು. ನಾಳೆ ಲಡಾಖಿನ ಅರ್ಗಲಿ, ಉರಿಯಲ್ ಬಗ್ಗೆ ಬರೆದರೆ ಅವು ಕುರಿಗಳೆಂದು ಓದುಗರಿಗೆ ಹೇಗೆ ಗೊತ್ತಾಗಬೇಕು? ಅರ್ಗಲಿ ಕೋಡುಗುರಿ, ಉರಿಯಲ್ ಕೋಡುಗುರಿ ಅಂದರೆ ಗೊತ್ತಾಗುತ್ತದೆ. ಹಿಮಾಲಯದ 'ನೀಲಿ ಕುರಿ' ಭರಲ್‌ಗೆ ಮಾತ್ರ ಈ ಹೆಸರು ಬೇಡ, ಅದು ಪೂರ್ತಿ ಕುರಿಯಲ್ಲ.

ಧಾರವಾಡದಿಂದ:
'ಬಿಗ್‌ಹಾರ್ನ್ ಕೋಡುಗುರಿ' ಎಂದು ಹಾಕಿ ಕಳಿಸಿದೆ. 'ಪರವಾನಗಿ ಬೇಟೆ'ಯೂ ಸೇರಿತು. ಇಬ್ಬರಿಗೂ ಧನ್ಯವಾದ.

ಹುಬ್ಬಳ್ಳಿಯಿಂದ:
ಬಿಗ್‌ಹಾರ್ನ್‌ನಲ್ಲೇ ಕೋಡು ಇದೆ. ಎರಡು ಸಲ ಯಾಕೆ?