ಹಳೆಯ ಮಾರುತಿ 800ರಲ್ಲಿ ಟಿಕ್ ಟಿಕ್ ಸಪ್ಪಳ: ಟ್ಯಾಪೆಟ್ಟೋ, ಬೇರೇನೋ?

ತೊಗರಿನಾಡು, ಕಲಬುರಗಿ

ಎಲ್ಲರಿಗೂ ಶರಣಾರ್ಥಿ. ನನ್ನಲ್ಲಿ 1998ರ ಮಾರುತಿ 800 ಇದೆ, ಕಾರ್ಬ್ಯುರೇಟರ್ ಇರುವ ಮಾದರಿ. ತಂದೆಯವರು ಕೊಂಡ ಗಾಡಿಯಾದ್ದರಿಂದ ಮಾರುವ ಮನಸ್ಸಿಲ್ಲ. ಎರಡು ತಿಂಗಳಿಂದ ಬೆಳಿಗ್ಗೆ ಚಾಲು ಮಾಡಿದ ಕೂಡಲೇ, ಅಡಕತ್ತರಿಯಲ್ಲಿ ಒಂದೇ ಸಮನೆ ಅಡಿಕೆ ಕತ್ತರಿಸುತ್ತಿರುವಂಥ ಸಪ್ಪಳ ಬಾನೆಟ್ ಒಳಗಿನಿಂದ ಬರುತ್ತಿದೆ. ಆ್ಯಕ್ಸಿಲರೇಟರ್ ಒತ್ತಿದಂತೆ ಅದರ ವೇಗ ಹೆಚ್ಚುತ್ತದೆ, ನಾಲ್ಕು ಜನ ಕುಳಿತು ಮೇಲ್ಸೇತುವೆ ಏರುವಾಗ ಜೋರಾಗುತ್ತದೆ. ಆದರೆ ಗಾಣಗಾಪುರಕ್ಕೆ ಹೊರಟರೆ ಊರು ದಾಟಿ ಹತ್ತು ಹದಿನೈದು ನಿಮಿಷದಲ್ಲಿ ಬಹುತೇಕ ಅಡಗಿಬಿಡುತ್ತದೆ.

ಒಬ್ಬ ಮಿಸ್ತ್ರಿ ಗೇಜ್ ಇಲ್ಲದೆ ಕೈ ಅಂದಾಜಿನಲ್ಲೇ ಟ್ಯಾಪೆಟ್ (ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಗ್ಯಾಪ್) ಸೆಟ್ ಮಾಡಿದರು, ಫಲ ಕಾಣಲಿಲ್ಲ. ಇನ್ನೊಬ್ಬರು ಗಟ್ಟಿ ಆಯಿಲ್ ಹಾಕಿಸಿದರು. ಮೂರನೆಯವರು ಎಂಜಿನ್ ಇಳಿಸಿ ಬೋರ್ ಮಾಡಿಸಲೇಬೇಕು (ಸಿಲಿಂಡರ್ ಒಳಮೈ ಕೊರೆಸಬೇಕು) ಎನ್ನುತ್ತಿದ್ದಾರೆ. ಆಯಿಲ್ ಮಟ್ಟ ಸರಿಯಾಗಿದೆ, ಆಯಿಲ್ ದೀಪ ಚಾಲು ಮಾಡಿದ ತಕ್ಷಣ ಆರುತ್ತದೆ. ಗಾಡಿ ನಾಲ್ಕು ವರ್ಷ ಎಲ್‌ಪಿಜಿಯಲ್ಲಿ ಓಡಿದೆ, ಕಿಟ್ ಹೋದ ವರ್ಷ ತೆಗೆಸಿದೆ. ತಿಳಿದವರು ದಾರಿ ತೋರಿಸಬೇಕು.

ಹಳೇ ಪಾನಾ, ಬೀದರ್

ತೊಗರಿನಾಡು ಅವರೇ, ಬೋರ್ ಮಾತನ್ನು ಸದ್ಯಕ್ಕೆ ಬದಿಗಿಡಿ. ಸಪ್ಪಳ ಎಲ್ಲಿಂದ ಎಂದು ತಿಳಿಯದೆ ಎಂಜಿನ್ ಬಿಚ್ಚಿಸುವುದು ನಾಡಿ ಹಿಡಿಯದೆ ಹೊಟ್ಟೆ ಕೊಯ್ಯಿಸಿಕೊಂಡಂತೆ.

ನಿಮ್ಮ ಎಂಜಿನ್‌ಗೆ ಮೂರು ಸಿಲಿಂಡರ್, ಗಾಳಿ ಒಳಬಿಡುವ ಮತ್ತು ಹೊಗೆ ಹೊರಬಿಡುವ ಆರು ವಾಲ್ವ್. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ವಾಲ್ವ್ ತೆರೆಸುವ ಕ್ಯಾಮ್ ಶಾಫ್ಟ್ ಒಂದು ಸುತ್ತು ತಿರುಗುತ್ತದೆ. ಐಡಲ್‌ನಲ್ಲಿ ನಿಮಿಷಕ್ಕೆ 900 ಸುತ್ತು ಎಂದು ಹಿಡಿದರೆ ಸಡಿಲವಾದ ಒಂದು ಟ್ಯಾಪೆಟ್ ಸೆಕೆಂಡಿಗೆ ಏಳೆಂಟು ಸಲ ಬಡಿಯುತ್ತದೆ. ಒಂದು ಸಿಲಿಂಡರ್‌ನ ಹೊಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆಯನ್ನು ಒಟ್ಟುಗೂಡಿಸುವ ಪೈಪು) ಬಳಿ ಸೋರಿದರೂ ಲೆಕ್ಕ ಅಷ್ಟೇ, ಏಕೆಂದರೆ ಆ ಸಿಲಿಂಡರ್ ಹೊಗೆ ಬಿಡುವುದೂ ಎರಡು ಸುತ್ತಿಗೊಮ್ಮೆ. ಒಳ್ಳೊಳ್ಳೆಯ ಕಿವಿಗಳೂ ಇಲ್ಲಿ ಮೋಸ ಹೋಗುತ್ತವೆ. ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದ್ದರೆ ಸಪ್ಪಳ ಕೆಳಗಿನಿಂದ ದಪ್ಪಗೆ ಬರುತ್ತಿತ್ತು, ಬಿಸಿಯಾಗಿ ಆಯಿಲ್ ತೆಳುವಾದಂತೆ ಹೆಚ್ಚುತ್ತಿತ್ತು.

ಭಾರ ಬಿದ್ದಾಗ ಜೋರಾಗಿ, ಬಿಸಿಯಾದ ಮೇಲೆ ಅಡಗುತ್ತದೆ ಎಂದಿದ್ದೀರಿ. ಟ್ಯಾಪೆಟ್‌ಗೆ ಭಾರದ ಪರಿವೆ ಅಷ್ಟಿಲ್ಲ. ಮ್ಯಾನಿಫೋಲ್ಡ್‌ನ ಸಂದು ಮುಚ್ಚುವ ಪ್ಯಾಕಿಂಗ್ ಸುಟ್ಟಿದ್ದರೆ ಮಾತ್ರ ಏರಿನಲ್ಲಿ ಹೊಗೆಯ ಒತ್ತಡ ಹೆಚ್ಚಿ ಸಪ್ಪಳ ಜೋರಾಗುತ್ತದೆ, ಲೋಹ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎಂಜಿನ್ ಬಂದ್ ಇರುವಾಗ ಒಂದು ಪ್ಲಗ್‌ನ ವೈರ್ ಕಿತ್ತು, ಅದಕ್ಕೆ ಬೇರೊಂದು ಹಳೆಯ ಪ್ಲಗ್ ಸಿಕ್ಕಿಸಿ, ಆ ಪ್ಲಗ್‌ನ ಲೋಹದ ಭಾಗ ಎಂಜಿನ್‌ಗೆ ತಾಗಿರುವಂತೆ ಪೆಟ್ರೋಲ್ ಪೈಪುಗಳಿಂದ ದೂರ ಕಟ್ಟಿರಿ. ಆಮೇಲೆ ಚಾಲು ಮಾಡಿ ನಾಲ್ಕೈದು ಸೆಕೆಂಡು ಕಿವಿಗೊಡಿ, ವೈರ್ ಮುಟ್ಟಬೇಡಿ. ಹೀಗೆ ಮೂರೂ ಸಿಲಿಂಡರ್‌ಗೆ ಮಾಡಿ. ಯಾವುದನ್ನು ನಿಲ್ಲಿಸಿದಾಗ ಟಿಕ್ ಕ್ಷೀಣಿಸುತ್ತದೋ ಅಲ್ಲಿ ಸೋರಿಕೆ ಇದೆ. ಮೂರರಲ್ಲೂ ಬದಲಾಗದಿದ್ದರೆ ಟ್ಯಾಪೆಟ್ ಕಡೆ ನೋಡಿ. ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು ಇನ್ನೊಂದನ್ನು ಮ್ಯಾನಿಫೋಲ್ಡ್ ಉದ್ದಕ್ಕೂ ಸರಿಸಿದರೆ ಜಾಗವೇ ಸಿಗುತ್ತದೆ. ಬೆಲ್ಟ್, ಫ್ಯಾನ್ ಹತ್ತಿರ ತೋಳು, ಟವೆಲ್ ಜೋತುಬೀಳದಂತೆ ನೋಡಿಕೊಳ್ಳಿ.

ಭೀಮಾ ತೀರ, ಯಾದಗಿರಿ

ಪಾನಾ ಅವರ ಮಾತು ಸರಿ. ಎರಡು ಸೇರಿಸುತ್ತೇನೆ. ರಾತ್ರಿ ದೀಪವಾರಿಸಿ ಬಾನೆಟ್ ತೆರೆದು ನೋಡಿ. ಪ್ಲಗ್ ವೈರ್ ಒಡೆದು ಕಿಡಿ ಹೊರಗೆ ಹಾರುತ್ತಿದ್ದರೂ ಇಂಥದೇ ಟಿಕ್ ಬರುತ್ತದೆ, ಕತ್ತಲಲ್ಲಿ ಅದು ನೀಲಿಯಾಗಿ ಕಾಣುತ್ತದೆ.

ಆಯಿಲ್ ವಿಷಯಕ್ಕೆ ನನ್ನ ತಕರಾರಿದೆ. ನಮ್ಮ ಕಡೆ ಬೇಸಿಗೆ 42 ಡಿಗ್ರಿ ದಾಟುತ್ತದೆ ಎಂದು ಗಟ್ಟಿ ಆಯಿಲ್ ಸುರಿಯುವುದು ರೂಢಿಯಾಗಿದೆ. ಅದು ಸಪ್ಪಳಕ್ಕೆ ಹೊದಿಕೆ ಹೊದಿಸುತ್ತದೆ, ರೋಗ ವಾಸಿ ಮಾಡುವುದಿಲ್ಲ. ಮುಂಜಾನೆಯ ತಣ್ಣಗಿನ ಎಂಜಿನ್‌ನಲ್ಲಿ ಅದು ವಾಲ್ವ್ ಒತ್ತುವ ಮೇಲಿನ ರಾಕರ್‌ಗಳಿಗೆ ತಲುಪುವುದೂ ತಡ. ಕೈಪಿಡಿ ಹೇಳಿದ ದರ್ಜೆಗೇ ಮರಳಿ.

ತೊಗರಿನಾಡು, ಕಲಬುರಗಿ

ಭಾನುವಾರ ಪರೀಕ್ಷಿಸಿದೆ. ಮೂರನೆಯ ಸಿಲಿಂಡರ್ ನಿಲ್ಲಿಸಿದಾಗ ಟಿಕ್ ಪೂರ್ತಿ ನಿಂತಿತು! ಎಂಜಿನ್ ತಣ್ಣಗಾದ ಮೇಲೆ ಶಾಖದ ತಗಡು ಬಿಚ್ಚಿ ಟಾರ್ಚ್ ಹಿಡಿದರೆ, ಮ್ಯಾನಿಫೋಲ್ಡ್ ಹೆಡ್‌ಗೆ ಕೂಡುವ ಕಡೆ ಬೆರಳಗಲದ ಕಪ್ಪು ಮಸಿ, ದೀಪದ ಮೇಲೆ ಹಿಡಿದ ಕಾಡಿಗೆಯಂತೆ. ಅಲ್ಲಿನ ಒಂದು ನಟ್ಟೇ ಬಿದ್ದುಹೋಗಿತ್ತು. ಪರಿಚಯದ ಮಿಸ್ತ್ರಿಯೊಬ್ಬರಿಂದ ಹೊಸ ಪ್ಯಾಕಿಂಗ್ ಹಾಕಿಸಿದೆ. ಹಳೆಯ ಸ್ಟಡ್ ಮುರಿಯದಿರಲೆಂದು ಅವರು ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರು. ಈಗ ಏರಿನಲ್ಲೂ ಸಪ್ಪಳವಿಲ್ಲ.

ಒಂದು ಸಂಶಯ ಉಳಿದಿದೆ. ಟ್ಯಾಪೆಟ್ ಮತ್ತೆ ಮುಟ್ಟಬೇಕೇ?

ಹಳೇ ಪಾನಾ, ಬೀದರ್

ಮುಟ್ಟಲೇಬೇಕು. ನಿಮ್ಮ ಗಾಡಿ ಎಲ್‌ಪಿಜಿಯಲ್ಲಿ ಓಡಿದೆ. ಗ್ಯಾಸ್‌ನಲ್ಲಿ ಓಡಿದ ಎಂಜಿನ್‌ನಲ್ಲಿ ಎಕ್ಸಾಸ್ಟ್ ವಾಲ್ವ್ ಕೂರುವ ಸೀಟು ಸವೆದು ವಾಲ್ವ್ ಮೇಲಕ್ಕೆ ಸರಿಯುವುದುಂಟು, ಆಗ ರಾಕರ್‌ಗೂ ವಾಲ್ವ್‌ಗೂ ನಡುವಿನ ಗ್ಯಾಪ್ ಹೆಚ್ಚುವ ಬದಲು ಕುಗ್ಗುತ್ತದೆ. ಮಿಸ್ತ್ರಿ ಅಂದಾಜಿನಲ್ಲೇ ಬಿಗಿ ಮಾಡಿದ್ದೂ ಇದೆ. ಸಡಿಲವಾದ ಟ್ಯಾಪೆಟ್ ಸಪ್ಪಳ ಮಾಡಿ ತಾನಾಗಿಯೇ ದೂರು ಹೇಳುತ್ತದೆ. ಬಿಗಿಯಾದದ್ದು ಬಾಯಿಬಿಡದೆ ವಾಲ್ವ್ ಸುಡುತ್ತದೆ, ಏಕೆಂದರೆ ಪೂರ್ತಿ ಮುಚ್ಚದ ವಾಲ್ವ್ ತನ್ನ ಬಿಸಿಯನ್ನು ಸೀಟಿಗೆ ದಾಟಿಸಲಾರದು. ಅಳೆಯುವ ಸಿಲಿಂಡರ್‌ನ ಪಿಸ್ಟನ್ ಕಂಪ್ರೆಶನ್ (ಗಾಳಿ ಒತ್ತುವ) ಹಂತದ ಮೇಲ್ತುದಿಯಲ್ಲಿದ್ದು ಎರಡೂ ವಾಲ್ವ್ ಮುಚ್ಚಿರುವಾಗ ತೆಳು ಲೋಹದ ಎಲೆಗಳಿರುವ ಫೀಲರ್ ಗೇಜ್‌ನಿಂದ ಅಳೆಯಿಸಿ. ಕೈಪಿಡಿಯಲ್ಲಿ ತಣ್ಣಗಿನ ಅಳತೆ ಬೇರೆ, ಬಿಸಿಯದು ಬೇರೆ, ಎರಡನ್ನು ಬೆರೆಸಬಾರದು.

ತೊಗರಿನಾಡು, ಕಲಬುರಗಿ

ಅಳೆಯಿಸಿದೆ. ಮೂರನೆಯ ಸಿಲಿಂಡರ್‌ನ ಎಕ್ಸಾಸ್ಟ್ ವಾಲ್ವ್‌ನಲ್ಲಿ ಗೇಜ್‌ನ ಅತಿ ತೆಳ್ಳನೆಯ ಎಲೆಯೂ ಒಳಹೋಗಲಿಲ್ಲ. ಲಾಕ್ ನಟ್ ಸಡಿಲಿಸಿ ಆರಕ್ಕೆ ಆರನ್ನೂ ಕೈಪಿಡಿಯ ಅಳತೆಗೆ ತಂದೆವು, ಕಂಪ್ರೆಶನ್ ಮೂರರಲ್ಲೂ ಹೆಚ್ಚುಕಡಿಮೆ ಸಮ ಬಂತು. ಈಗ ಹೆಡ್ ಕವರ್‌ನಿಂದ ಮೊದಲಿಲ್ಲದ ಸಣ್ಣ ಚಟಪಟ ಕೇಳುತ್ತದೆ. ಅವ್ವ ಬಾಗಿಲಲ್ಲಿ ನಿಂತು "ಇಷ್ಟ್ ರೊಕ್ಕ ಸುರದ್ರೂ ಇನ್ನಾ ಸಪ್ಪಳ ಬರ್ಲತ್ತದಲ್ಲಪಾ" ಎಂದರು. ಗ್ಯಾಪ್ ಇದ್ದರೆ ಅಷ್ಟು ಸಪ್ಪಳ ಇರಬೇಕಾದದ್ದೇ ಎಂದು ಅವರಿಗೆ ತಿಳಿಸಿದ್ದೇನೆ. ಸಾವಿರ ಕಿಲೋಮೀಟರ್ ಓಡಿಸಿ, ಮ್ಯಾನಿಫೋಲ್ಡ್ ನಟ್ಟುಗಳ ಬಿಗಿಯನ್ನೂ ಆ ಒಂದು ವಾಲ್ವ್‌ನ ಗ್ಯಾಪನ್ನೂ ಮತ್ತೆ ನೋಡಿಸುತ್ತೇನೆ.