ಬಳ್ಳಾರಿಯಲ್ಲಿ ಉಣ್ಣುವುದನ್ನು ಎಲ್ಲಿಂದ ಕಲಿಯಬೇಕು?

ಪ್ರಶ್ನೆ: ಮಲೆನಾಡಿನ ನಾಲಿಗೆ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಬಳ್ಳಾರಿಗೆ ವರ್ಗವಾಗಿ ಬಂದು ನಾಳೆಗೆ ಐದು ವಾರ ತುಂಬುತ್ತದೆ. ಗಾಂಧಿನಗರದಲ್ಲಿ ಮನೆ ಹಿಡಿದಿದ್ದೇನೆ. ಹೆಂಡತಿ ಮುಂದಿನ ತಿಂಗಳು ಬರುವವಳಿದ್ದಾಳೆ. ಯಾವ ಊರಿಗೆ ಹೋದರೂ ಮೊದಲು ಅಲ್ಲಿನ ಹೋಟೆಲುಗಳನ್ನು ನೋಡಿ, ಆಮೇಲೆ ಸಮಯ ಉಳಿದರೆ ಕೋಟೆಯನ್ನೋ ಗುಡಿಯನ್ನೋ ನೋಡುವ ಸ್ವಭಾವ ನನ್ನದು. ಈ ಊರು ಮಾತ್ರ ಇನ್ನೂ ನನ್ನ ಹೊಟ್ಟೆಗೆ ಒಗ್ಗಿಲ್ಲ.

ಫೋನಿನಲ್ಲಿ ನಕ್ಷತ್ರಗಳನ್ನು ಎಣಿಸಿ ಬೆಂಗಳೂರು ರಸ್ತೆಯ ಕಡೆ ಒಂದು ತಣ್ಣನೆಯ ಹೋಟೆಲಿಗೆ ಹೋದೆ. ಅಲ್ಲಿ ಸಿಕ್ಕಿದ್ದು ಶಿವಮೊಗ್ಗದಲ್ಲೂ, ಹುಬ್ಬಳ್ಳಿಯಲ್ಲೂ, ಬಹುಶಃ ಚಂದ್ರಲೋಕದಲ್ಲೂ ಸಿಗುವ ಅದೇ ಪನೀರ್ ಬಟರ್ ಮಸಾಲಾ. ಸಹೋದ್ಯೋಗಿಯೊಬ್ಬರು ಹೇಳಿದರೆಂದು ಒಂದು ರಾತ್ರಿ ಎಂಟೂವರೆಗೆ ಒಗ್ಗರಣೆ-ಮಿರ್ಚಿ ಹುಡುಕಿಕೊಂಡು ಹೋದಾಗ, ಬಾಣಲೆಯ ತಳದಲ್ಲಿ ಅಂಟಿಕೊಂಡಿದ್ದ ತಣ್ಣನೆಯ ಮಂಡಕ್ಕಿಯನ್ನು ಕೆರೆದು ಕೊಟ್ಟರು. ಒಂದು ಭಾನುವಾರ ಮಧ್ಯಾಹ್ನ ಮೂರೂವರೆಗೆ ಖಾನಾವಳಿಯ ಬಾಗಿಲಲ್ಲಿ ನಿಂತೆ. ರೊಟ್ಟಿ ಮುಗಿದಿದೆ, ಅನ್ನ-ಸಾರು ಬೇಕಾದರೆ ಕೂತುಕೊಳ್ಳಿ ಎಂದರು.

ನನ್ನ ಕೇಳಿಕೆ ಇಷ್ಟು. ಈ ಊರಿನದೇ ಎನ್ನಬಹುದಾದ ಊಟ-ತಿಂಡಿಯನ್ನು ಹುಡುಕಿಕೊಂಡು ಹೋಗುವ ಕ್ರಮ ಯಾವುದು? ತಿಂಗಳಿಗೆ ಒಂದೆರಡು ಸಲ ಒಂದು ಬಿಯರಿನ ನೆಪದಲ್ಲಿ ನಿಧಾನವಾಗಿ ಕೂತು ತಿನ್ನುವ ರೂಢಿ ನಮಗಿದೆ. ಹೆಂಡತಿಯೂ ಮುಜುಗರವಿಲ್ಲದೆ ಕೂರಬಹುದಾದ ಬಾರು ಇಲ್ಲಿ ಉಂಟೇ? ಕೊನೆಯದಾಗಿ, ಖಾರ. ನಾವು ಖಾರ ತಿನ್ನುವವರೇ, ಆದರೆ ಇಲ್ಲಿನ ಹಸಿಮೆಣಸಿನಕಾಯಿ ನಮ್ಮನ್ನೇ ತಿನ್ನುತ್ತಿದೆ.

ಉತ್ತರ: ಕೋಟೆ ಕೆಳಗಿನವ

ಮಾನ್ಯರೇ, ತಮ್ಮ ದೂರನ್ನು ಎರಡು ಸಲ ಓದಿದೆ. ಆ ತಣ್ಣನೆಯ ಹೋಟೆಲನ್ನು ಬಿಟ್ಟರೆ ತಾವು ಹೋದ ಜಾಗಗಳಲ್ಲಿ ತಪ್ಪೇನಿಲ್ಲ, ಹೋದ ಹೊತ್ತು ತಪ್ಪು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ಊರಿನ ಒಲೆಗಳು ಬಿಸಿಲನ್ನು ನೋಡಿಕೊಂಡು ಉರಿಯುತ್ತವೆ. ಅದಕ್ಕೇ ನಾನು ಹೊಸಬರಿಗೆ ಅಂಗಡಿಯ ಹೆಸರು ಹೇಳುವ ಗೋಜಿಗೆ ಹೋಗುವುದಿಲ್ಲ. ಬೋರ್ಡೇ ಇಲ್ಲದ ಅಂಗಡಿಗೆ ಯಾವ ಹೆಸರು ಹೇಳಲಿ?

ಒಗ್ಗರಣೆ-ಮಿರ್ಚಿಯನ್ನು ಸಂಜೆಯ ಕುರುಕಲು ತಿಂಡಿ ಎಂದು ತಾವು ತಿಳಿದಂತಿದೆ. ನಮ್ಮಲ್ಲಿ ಅದು ಮೊದಲಿಗೆ ಬೆಳಗಿನ ಉಪಾಹಾರ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ಕೈಯಿಂದ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಸಿನ ಹಾಕಿದ ಒಗ್ಗರಣೆಯಲ್ಲಿ ಹೊರಳಿಸಿ, ಮೇಲೆ ಪುಟಾಣಿ ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿ ಕೊಡುತ್ತಾರೆ. ಹುಬ್ಬಳ್ಳಿ-ಧಾರವಾಡದ ಗಿರಮಿಟ್ಟಿನಲ್ಲಿ ಚುರುಮುರಿಯನ್ನು ನೆನೆಸುವುದಿಲ್ಲ, ಒಣದಕ್ಕೇ ಹುಳಿ-ಬೆಲ್ಲದ ಮಸಾಲೆ ಕಲಸುತ್ತಾರೆ. ಇವೆರಡನ್ನೂ ಒಂದೇ ಎಂದು ಇಲ್ಲಿ ಯಾರ ಮುಂದೆಯೂ ಹೇಳಬೇಡಿ. ನೆನೆದ ಮಂಡಕ್ಕಿ ಬಹಳ ಹೊತ್ತು ಕೂತರೆ ಮುದ್ದೆಯಾಗುತ್ತದೆ. ಆದ್ದರಿಂದ ಕೈ ಪಳಗಿದವನು ಒಮ್ಮೆಗೇ ಗುಡ್ಡೆ ಹಾಕುವುದಿಲ್ಲ, ಗಿರಾಕಿ ಬಂದಂತೆ ಸ್ವಲ್ಪ ಸ್ವಲ್ಪವೇ ಕಲಸುತ್ತಾನೆ. ತಾವು ನೋಡಬೇಕಾದದ್ದು ಇದೊಂದೇ: ಬಕೆಟ್ಟಿನಲ್ಲಿ ನೀರಿದೆಯೇ, ಪಕ್ಕದಲ್ಲಿ ಒಣ ಮಂಡಕ್ಕಿಯ ಚೀಲ ಬಾಯಿ ಬಿಚ್ಚಿಕೊಂಡು ನಿಂತಿದೆಯೇ? ಎರಡೂ ಇದ್ದರೆ ನಿಲ್ಲಿ. ಏಳರಿಂದ ಒಂಬತ್ತರೊಳಗೆ ಹೋಗಿ. ಸಂಜೆಯೂ ಮಾಡುತ್ತಾರೆ, ಐದೂವರೆಯ ಸುಮಾರಿಗೆ. ಆಗ ಮಿರ್ಚಿಗೆ ಹೆಚ್ಚು ಮರ್ಯಾದೆ. ಒಮ್ಮೆ ಕರಿದ ಮಿರ್ಚಿಯನ್ನು ತುಂಡರಿಸಿ ಮತ್ತೆ ಎಣ್ಣೆಗೆ ಬಿಟ್ಟು ಗರಿಗರಿ ಮಾಡುವ ಕಟ್ ಮಿರ್ಚಿಯನ್ನು ಕೇಳಿ ಪಡೆಯಿರಿ.

ಖಾನಾವಳಿಗೆ ಮಧ್ಯಾಹ್ನ ಹನ್ನೆರಡೂವರೆಗೆ ಹೋಗಬೇಕು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದ್ದರೆ ಬಿಸಿ ರೊಟ್ಟಿ ಸಿಗುತ್ತದೆ, ಸದ್ದು ನಿಂತಿದ್ದರೆ ಕಟಕ್ ರೊಟ್ಟಿ. ಎರಡಕ್ಕೂ ಅದರದರ ರುಚಿಯಿದೆ, ಆದರೆ ಎಣ್ಣೆಗಾಯಿಗೆ ಬಿಸಿಯದೇ ಸರಿ. ಬದನೆಕಾಯಿಯ ಹೊಟ್ಟೆಯೊಳಗಿನ ಶೇಂಗಾ ಮತ್ತು ಗುರೆಳ್ಳಿನ ಮಸಾಲೆ ಮೆತ್ತನೆಯ ರೊಟ್ಟಿಗೆ ಹತ್ತಿಕೊಳ್ಳುವಂತೆ ಒಣ ರೊಟ್ಟಿಗೆ ಹತ್ತುವುದಿಲ್ಲ. ಖಾರಕ್ಕೂ ಅಲ್ಲೇ ಮದ್ದಿದೆ. ತಟ್ಟೆಯಲ್ಲಿ ಮೊಸರು, ಶೇಂಗಾ ಚಟ್ನಿ ಪುಡಿ, ಹಸಿ ಸವತೆಕಾಯಿ, ಉಳ್ಳಾಗಡ್ಡಿ ಇಡುವುದು ಅಲಂಕಾರಕ್ಕೆಂದು ತಿಳಿಯಬೇಡಿ. ತುತ್ತಿಗೊಮ್ಮೆ ಅವುಗಳನ್ನು ಮುಟ್ಟುತ್ತ ಹೋದರೆ ಕಣ್ಣೀರು ಬರುವುದಿಲ್ಲ. ನಮ್ಮ ಸೀಮೆಯಲ್ಲಿ ಗುಂಟೂರು ತಳಿಯ ಮೆಣಸಿನಕಾಯಿ ಬೆಳೆಯುವವರು ಬಹಳ. ಬ್ಯಾಡಗಿಯಂತೆ ಬಣ್ಣ ಕೊಟ್ಟು ಸುಮ್ಮನಾಗುವ ಕಾಯಿ ಅದಲ್ಲ. ನೀರು ಕುಡಿದರೆ ಉರಿ ಇನ್ನೂ ಹರಡುತ್ತದೆ.

ಬಾರಿನ ವಿಷಯದಲ್ಲಿ ಒಂದು ಮಾತು. ಚಿಲ್ಲರೆ ವೈನ್ ಶಾಪಿನ ಸಿಎಲ್-2 ಪರವಾನಗಿಯಲ್ಲಿ ಕೂತು ಕುಡಿಯಲು ಅವಕಾಶವಿಲ್ಲ, ಅಲ್ಲಿ ಅಡುಗೆಯ ಪ್ರಶ್ನೆಯೇ ಬರುವುದಿಲ್ಲ. ಬಾರ್ ಅಂಡ್ ರೆಸ್ಟೋರೆಂಟ್ ಎಂದರೆ ಸಿಎಲ್-9. ಅಲ್ಲಿನ ಅಡುಗೆಮನೆಗಳನ್ನು ಕಡೆಗಣಿಸಬೇಡಿ; ನಾಟಿಕೋಳಿ, ಬೋಟಿ, ತಲೆಮಾಂಸ ಚೆನ್ನಾಗಿ ಬೇಯಿಸುವವರು ಕೆಲವರು ಅಲ್ಲಿಯೇ ಇದ್ದಾರೆ. ಆದರೆ ರಾತ್ರಿ ಒಂಬತ್ತರ ಗದ್ದಲದಲ್ಲಿ ಹೋದರೆ ಎಲ್ಲಕ್ಕೂ ಒಂದೇ ಕೆಂಪು ಮಸಾಲೆ ಸುರಿದು ತರುತ್ತಾರೆ. ಏಳಕ್ಕೇ ಹೋಗಿ ಕೂತು, ಇವತ್ತು ಏನು ಬೆಂದಿದೆ ಎಂದು ಕೇಳುವುದು ಲೇಸು. ಬಿಲ್ಲಾದ ಮೇಲೆ ಆಟೋ ಹಿಡಿಯಿರಿ.

ಉತ್ತರ: ಕ್ಯಾಂಪಿನ ಹುಡುಗಿ

ಹಿರಿಯರ ಮಾತನ್ನು ಒಪ್ಪುತ್ತಲೇ ಒಂದೆರಡು ವಿಷಯ ಸೇರಿಸುತ್ತೇನೆ. ನಾನು ಸಿರುಗುಪ್ಪದ ಕಡೆಯವಳು, ಈಗ ಸತ್ಯನಾರಾಯಣಪೇಟೆಯಲ್ಲಿದ್ದೇನೆ. ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಭತ್ತ ಹಾಕಿದ ರೈತರು ನೆಲೆಸಿದ ಹಳ್ಳಿಗಳಿಗೆ ನಾವು ಈಗಲೂ ಕ್ಯಾಂಪ್ ಎಂದೇ ಕರೆಯುತ್ತೇವೆ. ನನ್ನ ಹೆಸರು ಅಲ್ಲಿಂದಲೇ ಬಂದದ್ದು. ಅವರು ಒಗ್ಗರಣೆಗೆ ಉಗ್ಗಾಣಿ ಎನ್ನುತ್ತಾರೆ. ಅನಂತಪುರ, ಕರ್ನೂಲಿನಲ್ಲಿ ಅದೇ ತಿಂಡಿ, ಅದೇ ಬಜ್ಜಿ. ಯಾರು ಯಾರಿಂದ ಕಲಿತರು ಎಂಬ ಜಗಳ ಬೇಡ. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು, ಆದವಾನಿ ಮತ್ತು ರಾಯದುರ್ಗ ಆಂಧ್ರಕ್ಕೆ ಹೋದವು. ಅದಕ್ಕೂ ಮೊದಲು ಇವೆಲ್ಲ ಮದ್ರಾಸಿನ ಒಂದೇ ಜಿಲ್ಲೆ. ಗಡಿ ಎಳೆದವರು ಬಾಣಲೆಯನ್ನು ಕೇಳಲಿಲ್ಲ.

ಪ್ರಶ್ನೆ ಕೇಳಿದವರು ಒಂದು ಪರೀಕ್ಷೆ ಮಾಡಬಹುದು. ಒಂದು ದಿನ ಖಾನಾವಳಿಯಲ್ಲಿ ಪುಂಡಿ ಪಲ್ಯ ಕೇಳಿ. ಹುಳಿ ಸೊಪ್ಪನ್ನು ಜೋಳದ ನುಚ್ಚಿನ ಜೊತೆ ಬೇಯಿಸಿ, ಬೆಳ್ಳುಳ್ಳಿಯ ಒಗ್ಗರಣೆ ಹಾಕಿರುತ್ತಾರೆ, ಅದು ರೊಟ್ಟಿಗೆ. ಮರುದಿನ ಆಂಧ್ರ ಊಟದ ಮೆಸ್ಸಿಗೆ ಹೋಗಿ ಗೋಂಗೂರ ಪಚ್ಚಡಿ ಕೇಳಿ. ಸೊಪ್ಪು ಅದೇ, ಆದರೆ ಇಲ್ಲಿ ಎಣ್ಣೆಯಲ್ಲಿ ಬಾಡಿ, ಒಣಮೆಣಸಿನಕಾಯಿಯೊಂದಿಗೆ ರುಬ್ಬಿಸಿಕೊಂಡು ಬಿಸಿ ಸೋನಾ ಮಸೂರಿ ಅನ್ನಕ್ಕೆ ಬಂದಿರುತ್ತದೆ. ಈ ಎರಡು ಊಟಗಳ ನಡುವೆ ನಮ್ಮ ಜಿಲ್ಲೆಯ ಒಣಬೇಸಾಯ ಮತ್ತು ನೀರಾವರಿ ಎರಡೂ ನಿಮ್ಮ ತಟ್ಟೆಗೆ ಬಂದಂತಾಯಿತು. ಬೆಳಿಗ್ಗೆ ಬೇರೆ ಬೇಕೆನಿಸಿದರೆ ಖಾರ ದೋಸೆಯಿದೆ: ಉಳ್ಳಾಗಡ್ಡಿ ಮತ್ತು ಕೆಂಪು ಮೆಣಸಿನಕಾಯಿ ರುಬ್ಬಿ ಬಳಿದು, ಮೇಲೆ ಪುಟಾಣಿ ಪುಡಿ. ಜೊತೆಗೆ ಬರುವ ಶೇಂಗಾ ಚಟ್ನಿಯನ್ನು ಎರಡನೆಯ ಸಲ ಕೇಳಲು ನಾಚಬೇಡಿ.

ಬಾರಿನ ಬಗ್ಗೆ ಹಿರಿಯರು ಹೇಳದೆ ಬಿಟ್ಟದ್ದನ್ನು ಹೆಣ್ಣಾಗಿ ನಾನು ಹೇಳಬೇಕು. ಅವರು ಹೊಗಳಿದ ಅಡುಗೆಮನೆಗಳ ಮುಂದಿನ ಹಾಲಿನಲ್ಲಿ ಹೆಂಗಸು ಕಾಲಿಟ್ಟರೆ ಮಾತೆಲ್ಲ ನಿಂತು ಎಲ್ಲರೂ ತಿರುಗಿ ನೋಡುತ್ತಾರೆ. ಬೋರ್ಡಿನ ಮೇಲೆ ಫ್ಯಾಮಿಲಿ ಎಂದು ಬರೆದಿದ್ದರೂ ಅದು ಮೆಟ್ಟಿಲು ಹತ್ತಿ ಹೋಗಬೇಕಾದ, ಕಿಟಕಿಯಿಲ್ಲದ ಕೋಣೆಯಾಗಿರಬಹುದು. ನಾನು ಮತ್ತು ನನ್ನ ಯಜಮಾನರು ಹೋಗುವುದು ವಸತಿಯಿರುವ ದೊಡ್ಡ ಹೋಟೆಲುಗಳ ರೆಸ್ಟೋರೆಂಟಿಗೆ. ಸಿಎಲ್-7 ಎಂಬ ಪರವಾನಗಿ ಅಂಥವುಗಳದ್ದು. ಬೆಲೆ ಹೆಚ್ಚು, ಅಡುಗೆ ಸಾಧಾರಣ, ಆದರೆ ಶೌಚಾಲಯ ಸ್ವಚ್ಛ ಮತ್ತು ಯಾರೂ ತಿರುಗಿ ನೋಡುವುದಿಲ್ಲ. ರುಚಿಗೂ ನೆಮ್ಮದಿಗೂ ಇಲ್ಲಿ ಇನ್ನೂ ಒಂದೇ ಮೇಜು ಸಿಕ್ಕಿಲ್ಲ. ನಾಟಿಕೋಳಿಯನ್ನು ಕಟ್ಟಿಸಿಕೊಂಡು ಬಂದು ಮನೆಯ ಮಾಳಿಗೆಯ ಮೇಲೆ ಕೂತು ತಿನ್ನುವುದೇ ನಮ್ಮ ಉಪಾಯ. ಬೇಸಿಗೆಯ ರಾತ್ರಿ ಅಲ್ಲಿಂದ ಕೋಟೆ ಗುಡ್ಡವೂ ಕಾಣುತ್ತದೆ.

ಉತ್ತರ: ಬಗಾರಾ ಖಾನಾ

ನಾನು ರಾಯಚೂರಿನವನು, ಕೆಲಸದ ಮೇಲೆ ವಾರಕ್ಕೆರಡು ದಿನ ಬಳ್ಳಾರಿಯಲ್ಲಿರುತ್ತೇನೆ. ಇಷ್ಟೆಲ್ಲ ಬರೆದವರು ಕೌಲ್ ಬಜಾರನ್ನು ಮರೆತದ್ದು ಆಶ್ಚರ್ಯ. ಅಲ್ಲಿನ ಬಿರಿಯಾನಿಗೆ ಶುಕ್ರವಾರ ಮಧ್ಯಾಹ್ನ ಹೋಗಿ, ನಮಾಜು ಮುಗಿದು ಜನ ಹೊರಬರುವುದಕ್ಕೆ ಸ್ವಲ್ಪ ಮುಂಚೆ. ಹಂಡೆಯ ಮುಚ್ಚಳ ತೆಗೆಯುವ ಹೊತ್ತು ಅದು. ರಂಜಾನ್ ತಿಂಗಳಾದರೆ ಸಂಜೆಯಿಂದ ತಡರಾತ್ರಿಯವರೆಗೂ ಬೀದಿಯೇ ಅಡುಗೆಮನೆಯಾಗಿರುತ್ತದೆ. ಸಮೋಸ, ಕಬಾಬ್, ಹಲೀಮ್ ಎಲ್ಲವನ್ನೂ ನಿಂತುಕೊಂಡೇ ತಿನ್ನಬೇಕು.

ಆದರೆ ಹೈದರಾಬಾದಿನದನ್ನು ನಿರೀಕ್ಷಿಸಬೇಡಿ. ನಮ್ಮ ರಾಯಚೂರು 1948ರವರೆಗೆ ನಿಜಾಮರ ಕೈಯಲ್ಲಿತ್ತು; ಬಳ್ಳಾರಿಯನ್ನು ಅದೇ ನಿಜಾಮರು 1800ರಲ್ಲಿಯೇ ಇಂಗ್ಲಿಷರಿಗೆ ಬಿಟ್ಟುಕೊಟ್ಟಿದ್ದರು. ನೂರೈವತ್ತು ವರ್ಷಗಳ ಆ ಅಂತರ ಅನ್ನದ ಪರಿಮಳದಲ್ಲಿ ನನಗಂತೂ ಗೊತ್ತಾಗುತ್ತದೆ. ನಮ್ಮ ಮದುವೆಗಳ ಬಗಾರಾ ಅನ್ನ, ದಾಲ್ಚಾ ತಿಂದು ಬೆಳೆದ ನಾಲಿಗೆಗೆ ಇಲ್ಲಿನ ಬಿರಿಯಾನಿ ಸ್ವಲ್ಪ ಒರಟು, ಹಸಿಮೆಣಸಿನಕಾಯಿ ಮುಂದಾದದ್ದು. ಇದು ದೂರಲ್ಲ, ಎರಡನ್ನೂ ತಿನ್ನುತ್ತೇನೆ.

ಮೀನು ಬೇಕಾದರೆ ಒಂದು ಭಾನುವಾರ ಹೊಸಪೇಟೆಗೆ ಹೋಗಿ ಬನ್ನಿ. 2021ರಲ್ಲಿ ಅದು ವಿಜಯನಗರ ಜಿಲ್ಲೆಗೆ ಸೇರಿದರೂ ತುಂಗಭದ್ರಾ ಅಣೆಕಟ್ಟಿನ ಮೀನಿಗೆ ಬಳ್ಳಾರಿಯವರ ಹಕ್ಕು ಹೋಗಿಲ್ಲ. ಹಿನ್ನೀರಿನ ಮೀನನ್ನು ಖಾರ ಹಚ್ಚಿ ಕಾವಲಿಯ ಮೇಲೆ ಹುರಿದು ಕೊಡುತ್ತಾರೆ. ಮಲೆನಾಡಿನವರು ನದಿಯ ಮೀನನ್ನು ಬಲ್ಲವರು, ಮುಳ್ಳಿನ ಬಗ್ಗೆ ನಾನು ಹೇಳಬೇಕಾಗಿಲ್ಲ.

ಮರುಉತ್ತರ: ಮಲೆನಾಡಿನ ನಾಲಿಗೆ

ಎಲ್ಲರಿಗೂ ಕೃತಜ್ಞ. ಎರಡು ವಾರಗಳ ವರದಿ ಒಪ್ಪಿಸುತ್ತಿದ್ದೇನೆ. ಬ್ರೂಸ್‌ಪೇಟೆಯ ಒಂದು ಓಣಿಯಲ್ಲಿ ಬೆಳಿಗ್ಗೆ ಏಳೂಕಾಲಿಗೆ, ನೀರಿನ ಬಕೆಟ್ಟು ಮತ್ತು ಬಾಯಿ ಬಿಚ್ಚಿದ ಚೀಲ ಎರಡನ್ನೂ ಕಂಡು ನಿಂತೆ. ಆ ಹೆಂಗಸು ಕಲಸುವುದನ್ನೂ, ಸುತ್ತ ನಿಂತವರು ಒಂದೇ ಮಾತನ್ನು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುವುದನ್ನೂ ನೋಡುತ್ತ ಎರಡು ತಟ್ಟೆ ಮುಗಿಸಿದೆ. ಇದೇ ತಿಂಡಿಯೇ ಅಂದು ರಾತ್ರಿ ನನಗೆ ಸಿಕ್ಕಿದ್ದು ಎಂದರೆ ನಂಬಲಾಗುವುದಿಲ್ಲ. ಪುಂಡಿ ಪಲ್ಯ ಮತ್ತು ಗೋಂಗೂರದ ಪರೀಕ್ಷೆಯನ್ನೂ ಮಾಡಿದೆ. ನನ್ನ ಮತ ಪುಂಡಿ ಪಲ್ಯಕ್ಕೆ; ಪಚ್ಚಡಿಯಲ್ಲಿ ಎಣ್ಣೆ ಮುಂದೆ ಬಂದು ಹುಳಿ ಹಿಂದೆ ಸರಿದಂತೆ ಅನಿಸಿತು. ಬಾರಿನ ವಿಷಯದಲ್ಲಿ ಹೆಂಡತಿ ಫೋನಿನಲ್ಲೇ ತೀರ್ಪು ಕೊಟ್ಟಿದ್ದಾಳೆ, ಮಾಳಿಗೆಯೇ ಆಗಲಿ ಎಂದು.

ಒಂದು ಸಂದೇಹ ಉಳಿದಿದೆ. ಮಧ್ಯಾಹ್ನ ಮೂರರಿಂದ ಐದರವರೆಗೆ ಈ ಊರಿನಲ್ಲಿ ಏನನ್ನು ತಿನ್ನಬೇಕು?

ಉತ್ತರ: ಕೋಟೆ ಕೆಳಗಿನವ

ಆ ಹೊತ್ತಿನಲ್ಲಿ ಇಲ್ಲಿ ಯಾರೂ ತಿನ್ನುವುದಿಲ್ಲ. ನೆರಳಿನಲ್ಲಿ ನಿಲ್ಲಿಸಿದ ತಳ್ಳುಗಾಡಿ ನೋಡಿ ಒಂದು ಲೋಟ ನನ್ನಾರಿ ಶರಬತ್ತು ಕುಡಿಯಿರಿ, ನಿಂಬೆಹುಳಿ ಸ್ವಲ್ಪ ಹೆಚ್ಚು ಹಿಂಡಿಸಿಕೊಂಡು. ಐದೂವರೆಗೆ ಬಾಣಲೆ ಕಾಯುತ್ತದೆ.